ಒಳ್ಳೆಯ ಮುದುಕ, ಅನ್ಯರ ಮನೆ: ಎ.ಕೆ. ಹಂಗಲ್ ಅವರ ಪಾತ್ರಗಳನ್ನು ಕುರಿತು

ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ದೂರದರ್ಶನದ ಹಿಂದಿ ಚಿತ್ರಗಳಿಗೆ ಅಜ್ಜ ತಪ್ಪದೆ ಕೂರುತ್ತಿದ್ದರು. ನಾಯಕ ಯಾರು, ನಾಯಕಿ ಯಾರು ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಬಿಳಿಗೂದಲಿನ, ತೆಳ್ಳನೆಯ, ಗಂಟಲಲ್ಲಿ ಸದಾ ತುಸು ನಡುಕವಿರುವ ಒಬ್ಬ ಮುದುಕ ಪರದೆಗೆ ಬಂದೊಡನೆ ಮಾತ್ರ ಅವರು ನೆಟ್ಟಗಾಗುತ್ತಿದ್ದರು. ‘ಇವ್ರು ನಮ್ಮ ಹಾನಗಲ್ಲದವ್ರು ನೋಡ್ರಿ’ ಎಂದು ಮನೆಮಂದಿಗೆಲ್ಲ ಹೇಳುತ್ತಿದ್ದರು. ಹೆಸರಿನ ಪಟ್ಟಿಯಲ್ಲಿ ಎ.ಕೆ. ಹಂಗಲ್ ಎಂದಿರುತ್ತಿತ್ತು. ಗಂಗೂಬಾಯಿಯವರ ಕಡೆಯವರೇ ಇರಬೇಕು ಎಂಬುದು ಅಜ್ಜನ ಊಹೆ. ನಾವೂ ಅದನ್ನು ನಂಬಿಯೇ ಬೆಳೆದೆವು.

ಈ ನಂಬಿಕೆ ತಪ್ಪಾಗಿತ್ತು, ಆದರೆ ಆಧಾರವಿಲ್ಲದ್ದಾಗಿರಲಿಲ್ಲ. ನಮ್ಮ ಸೀಮೆಯಲ್ಲಿ ಅಡ್ಡಹೆಸರೆಂದರೆ ಬಹುಪಾಲು ಊರಿನ ಹೆಸರೇ. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರ ಹೆಸರಿಗೆ ಹಾನಗಲ್ ಅಂಟಿಕೊಂಡಿದ್ದು ಹೀಗೆಯೇ. ಶಾಸನಗಳ ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ, ಇಂದಿನ ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರ, ಹೀಗೆ ಆ ಊರಿಗೆ ದೀರ್ಘ ಚರಿತ್ರೆಯಿದೆ. ಕನ್ನಡದ ಹಾನಗಲ್ ದೇವನಾಗರಿಗೂ ರೋಮನ್ ಲಿಪಿಗೂ ದಾಟಿದಾಗ ಅದರ ದೀರ್ಘಸ್ವರ ಅಳಿದು, ಅತ್ತಲಿನ ಹಂಗಲ್ ಮತ್ತು ಇತ್ತಲಿನ ಹಾನಗಲ್ ಒಂದೇ ಆಗಿಬಿಡುತ್ತವೆ. ಆದರೆ ಅವತಾರ್ ಕಿಶನ್ ಹಂಗಲ್ ಕಾಶ್ಮೀರಿ ಪಂಡಿತ ಮನೆತನದವರು. ಕಾಶ್ಮೀರಿಯಲ್ಲಿ ಆ ಪದಕ್ಕೆ ಸಾರಂಗವೆಂದು ಅರ್ಥ. ಒಂದು ಊರಿನ ಹೆಸರು, ಇನ್ನೊಂದು ಪ್ರಾಣಿಯ ಹೆಸರು. ಎರಡಕ್ಕೂ ಲಿಪಿಯಾಚೆ ಸಂಬಂಧವಿಲ್ಲ.

ಹೆಸರಿನ ನಂಟು ಕಳಚಿದ ಮೇಲೂ ಈ ನಟನ ಕಡೆಗೆ ಗಡಿನಾಡಿನ ನಮ್ಮಂಥವರು ಮತ್ತೆ ನೋಡಬೇಕಾದ ಕಾರಣವಿದೆಯೆಂಬುದು ಈ ಲೇಖನದ ವಾದ. ಹಂಗಲ್ ಅವರನ್ನು ಹಿಂದಿ ಚಿತ್ರರಂಗದ ‘ಒಳ್ಳೆಯ ಮುದುಕ’ ಎಂದು ನೆನೆಯುವುದು ವಾಡಿಕೆ. ಆ ಒಳ್ಳೆಯತನವನ್ನು ಯಾರು ಯಾರಿಂದ ಕೇಳುತ್ತಾರೆ, ಅದಕ್ಕೆ ಪ್ರತಿಯಾಗಿ ಏನನ್ನು ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಅವರ ಪಾತ್ರಗಳೇ ಎತ್ತುತ್ತವೆ. ಭಾಷಿಕ ಅಲ್ಪಸಂಖ್ಯಾತರಿಗೆ ಇದು ಕೇವಲ ಚಿತ್ರವಿಮರ್ಶೆಯ ಪ್ರಶ್ನೆಯಲ್ಲ.

ಮೊದಲು ಬದುಕಿನ ಕೆಲವು ವಿವರಗಳು. ಹಂಗಲ್ ಹುಟ್ಟಿದ್ದು ಸಿಯಾಲ್‌ಕೋಟ್‌ನಲ್ಲಿ. ಬಾಲ್ಯ ಯೌವನಗಳು ಕಳೆದದ್ದು ಪೇಶಾವರದಲ್ಲಿ. ಮನೆತನ ಕಾಶ್ಮೀರದ್ದು, ಹುಟ್ಟಿದ ನೆಲ ಪಂಜಾಬಿಯದು, ಬೆಳೆದ ನಗರ ಹಿಂದ್ಕೊ ಮತ್ತು ಪಶ್ತೊ ಭಾಷೆಗಳದು, ಓದುಬರಹದ ಲೋಕ ಉರ್ದುವಿನದು. 1930ರ ಏಪ್ರಿಲ್‌ನಲ್ಲಿ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನಿರಾಯುಧ ಜನರ ಮೇಲೆ ಬ್ರಿಟಿಷರ ಗುಂಡು ಹಾರಿದ್ದು ಇದೇ ಪೇಶಾವರದಲ್ಲಿ. ಆ ನಗರದ ತರುಣನೊಬ್ಬ ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದ್ದು ಸಹಜವೇ ಆಗಿತ್ತು. ಕಸುಬು ದರ್ಜಿಯದು, 1936ರಿಂದ ಅಲ್ಲಿನ ನಾಟಕ ಮಂಡಳಿಯೊಂದರಲ್ಲಿ ಅಭಿನಯ. ತಂದೆಯ ನಿವೃತ್ತಿಯ ಬಳಿಕ ಸಂಸಾರ ಕರಾಚಿಗೆ ಹೋಯಿತು. ಅಲ್ಲಿ ಎಡಪಂಥೀಯ ಚಳವಳಿ, ವಿಭಜನೆ, ಹೊಸ ದೇಶದ ಜೈಲು. ಬಿಡುಗಡೆಯಾಗಿ 1949ರಲ್ಲಿ ಮುಂಬಯಿಗೆ ಬಂದಾಗ ಅವರು ಮೂವತ್ತು ದಾಟಿದ್ದ, ಮತ್ತೆ ಮೊದಲಿಂದ ಬದುಕು ಕಟ್ಟಬೇಕಾಗಿದ್ದ ನಿರಾಶ್ರಿತ.

ಮುಂಬಯಿಯಲ್ಲಿ ಅವರಿಗೆ ಸಿಕ್ಕ ನೆಲೆ ಇಪ್ಟಾ, ಅಂದರೆ 1943ರಲ್ಲಿ ಸ್ಥಾಪನೆಯಾದ ಭಾರತೀಯ ಜನನಾಟ್ಯ ಸಂಘ. ಬಲರಾಜ್ ಸಾಹ್ನಿ, ಕೈಫಿ ಆಜ್ಮಿ ಮೊದಲಾದವರ ಒಡನಾಟ ಅಲ್ಲಿಯದು. ಸಿನಿಮಾ ಬಂದದ್ದು ಬಹಳ ತಡವಾಗಿ. 1966ರ ‘ತೀಸ್ರಿ ಕಸಮ್’ ಚಿತ್ರದ ಹೊತ್ತಿಗೆ ಅವರಿಗೆ ಐವತ್ತರ ಸುಮಾರು. ನಂತರದ ನಾಲ್ಕು ದಶಕಗಳಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳು. ಪ್ರೇಕ್ಷಕರು ಅವರ ಯೌವನವನ್ನು ನೋಡಲೇ ಇಲ್ಲ. ದರ್ಜಿ, ಸಂಘಟಕ, ಕೈದಿ, ನಿರಾಶ್ರಿತ, ರಂಗನಟ ಎಂಬ ಇಡೀ ಪೂರ್ವಾರ್ಧವನ್ನು ಹಿಂದೆ ಬಿಟ್ಟು, ನೇರವಾಗಿ ಅಪ್ಪನಾಗಿಯೋ ಚಿಕ್ಕಪ್ಪನಾಗಿಯೋ ಅವರು ಪರದೆಗೆ ಬಂದರು.

ಹಿಂದಿಯಲ್ಲಿ ಇಂಥ ನಟರನ್ನು ‘ಚರಿತ್ರ ಅಭಿನೇತಾ’ ಎನ್ನುತ್ತಾರೆ. ಕನ್ನಡದಲ್ಲಿ ‘ಪೋಷಕ ನಟ’. ಕನ್ನಡದ ಮಾತು ಹೆಚ್ಚು ನಿಖರವಾದುದು. ಪೋಷಕ ನಟನ ಪಾತ್ರಕ್ಕೆ ತನ್ನದೇ ಚರಿತ್ರೆ ಇರಬೇಕೆಂಬ ನಿಯಮವಿಲ್ಲ. ಇನ್ನೊಬ್ಬರ ಕಥೆಯನ್ನು ಪೋಷಿಸುವುದು ಅವನ ಕೆಲಸ. ಹೃಷಿಕೇಶ್ ಮುಖರ್ಜಿಯವರ ಚಿತ್ರಗಳಲ್ಲಿ ಹಂಗಲ್ ಈ ಕೆಲಸವನ್ನು ಬಹಳ ಸೂಕ್ಷ್ಮವಾಗಿ ಮಾಡಿದರು. ‘ಗುಡ್ಡಿ’ಯ (1971) ತಂದೆ, ‘ಬಾವರ್ಚಿ’ಯ (1972) ದಣಿದ ಗುಮಾಸ್ತ ಹಿರಿಮಗ, ‘ಅಭಿಮಾನ್’ ಚಿತ್ರದಲ್ಲಿ (1973) ಹಾಡುವ ಮಗಳು ಗಂಡನ ಮನೆ ಬಿಟ್ಟು ಮರಳಿದಾಗ ಅವಳಿಗೆ ಆಸರೆಯಾಗುವ ಅಪ್ಪ: ಇವರೆಲ್ಲ ಕೇಳಿಸಿಕೊಳ್ಳುವ ಮನುಷ್ಯರು. ಎದುರಿನವರ ಮಾತು ಮುಗಿಯುವವರೆಗೆ ಹಂಗಲ್ ತಮ್ಮ ಮುಖವನ್ನು ಬಿಟ್ಟುಕೊಟ್ಟಿರುತ್ತಾರೆ. ಮಾತು ಮುಗಿದ ಮೇಲೂ ಒಂದು ಕ್ಷಣ ತಡೆಯುತ್ತಾರೆ. ಮಾತಿಗೆ ಮುಂಚಿನ ಆ ತಡೆ ಅವರ ಅಭಿನಯದ ಮುಖ್ಯ ಲಕ್ಷಣ. ರಂಗಭೂಮಿಯಿಂದ ಬಂದ ಬಹಳ ನಟರು ಸಿನಿಮಾದಲ್ಲಿ ಧ್ವನಿಯನ್ನು ಎತ್ತುತ್ತಾರೆ, ಹಂಗಲ್ ಇಳಿಸಿದರು.

ಇದೇ ನಿರ್ದೇಶಕರ ‘ನಮಕ್ ಹರಾಮ್’ (1973) ಮಾತ್ರ ಬೇರೆ ನೆಲೆಯದು. ಅಲ್ಲಿ ಹಂಗಲ್ ಕಾರ್ಖಾನೆಯ ಕಾರ್ಮಿಕ ಮುಖಂಡ ಬಿಪಿನ್‌ಲಾಲ್. ಮಾಲೀಕನ ಮಗನನ್ನು ಕ್ಷಮೆ ಕೇಳುವಂತೆ ಮಾಡಿದ ಈ ಮುಖಂಡನ ಮೇಲೆ ಸೇಡು ತೀರಿಸಿಕೊಳ್ಳಲು ಮಾಲೀಕನ ಗೆಳೆಯ ವೇಷ ಮರೆಸಿ ಕಾರ್ಮಿಕನಾಗಿ ಬರುತ್ತಾನೆ. ಒಳಗೊಳಗೇ ಮಾಲೀಕ ಒದಗಿಸಿದ ಗೆಲುವುಗಳನ್ನು ತೋರಿಸಿ ಸಂಘದ ನಾಯಕತ್ವವನ್ನು ಕಸಿದುಕೊಳ್ಳುತ್ತಾನೆ. ಮುಂದೆ ಆ ಗೆಳೆಯನ ಮನಃಪರಿವರ್ತನೆಯೇ ಚಿತ್ರದ ಕಥೆ. ಬಿಪಿನ್‌ಲಾಲ್ ಅದಕ್ಕೊಂದು ಮೆಟ್ಟಿಲು ಮಾತ್ರ. ಆದರೆ ಹಂಗಲ್ ಆ ಮೆಟ್ಟಿಲಿಗೂ ಒಂದು ತೂಕ ಕೊಡುತ್ತಾರೆ. ಬಿಪಿನ್‌ಲಾಲ್ ಭಾಷಣಕಾರನಲ್ಲ, ಪ್ರತಿ ರೂಪಾಯಿಗೂ ಲೆಕ್ಕವಿಟ್ಟು ವಾದಿಸುವ, ಸಣ್ಣ ಗೆಲುವುಗಳನ್ನು ದೊಡ್ಡದು ಮಾಡಿ ಹೇಳಲಾರದ ಮನುಷ್ಯ. ಕಾರ್ಮಿಕರ ನಡುವೆ ನಿಜಕ್ಕೂ ಓಡಾಡಿದ ನಟನಿಗೆ ಮಾತ್ರ ಬರುವ ಶುಷ್ಕತೆ ಅದು. ಇಡೀ ಚಿತ್ರದಲ್ಲಿ ಸಂಘಟನೆಯೆಂಬುದು ದಿನನಿತ್ಯದ ಬೇಸರದ ಕೆಲಸವೆಂದು ತಿಳಿದವನು ಅವನೊಬ್ಬನೇ.

ಹಂಗಲ್ ಅವರನ್ನು ಮನೆಮಾತಾಗಿಸಿದ್ದು 1975. ಆ ವರ್ಷದ ಜನವರಿಯಲ್ಲಿ ‘ದೀವಾರ್’, ಆಗಸ್ಟ್‌ನಲ್ಲಿ ‘ಶೋಲೆ’ ಬಂದವು. ನಡುವೆ, ಜೂನ್‌ನಲ್ಲಿ, ತುರ್ತುಪರಿಸ್ಥಿತಿ. ಎರಡು ಚಿತ್ರಗಳನ್ನೂ ಬರೆದವರು ಸಲೀಂ ಖಾನ್ ಮತ್ತು ಜಾವೇದ್ ಅಖ್ತರ್. ಎರಡರಲ್ಲೂ ಹಂಗಲ್ ಬಡ ತಂದೆ. ಎರಡರಲ್ಲೂ ಮಗನಿಗೆ ಬೀಳುವ ಪೆಟ್ಟು ಕಥೆಯ ನೈತಿಕತೆಗೆ ಆಧಾರವಾಗುತ್ತದೆ. ಈ ಎರಡು ದೃಶ್ಯಗಳನ್ನು ಜೊತೆಗಿಟ್ಟು ಓದಬೇಕು.

‘ದೀವಾರ್’ ಚಿತ್ರದಲ್ಲಿ ಪೊಲೀಸ್ ಅಧಿಕಾರಿ ರವಿ ಓಡಿಹೋಗುತ್ತಿದ್ದ ಹುಡುಗನೊಬ್ಬನ ಮೇಲೆ ಗುಂಡು ಹಾರಿಸುತ್ತಾನೆ. ಹುಡುಗ ಕದ್ದದ್ದು ಬ್ರೆಡ್ಡು ಎಂದು ಆಮೇಲೆ ತಿಳಿಯುತ್ತದೆ. ಅಪರಾಧಿ ಭಾವದಿಂದ ರವಿ ಆಹಾರ ಹೊತ್ತು ಆ ಮನೆಗೆ ಹೋಗುತ್ತಾನೆ. ಹುಡುಗನ ತಾಯಿ ಸಿಡಿದೇಳುತ್ತಾಳೆ. ದವಸ ಅಡಗಿಸಿಟ್ಟ ದೊಡ್ಡವರ ಮೇಲೆ ಯಾಕೆ ಗುಂಡು ಹಾರುವುದಿಲ್ಲ ಎಂಬುದು ಅವಳ ಕೋಪದ ಸಾರ. ತಂದೆ, ನಿವೃತ್ತ ಶಾಲಾಮಾಸ್ತರ, ಅವಳನ್ನು ತಡೆಯುತ್ತಾನೆ. ಕಳ್ಳತನ ಸಣ್ಣದಿರಲಿ ದೊಡ್ಡದಿರಲಿ ಕಳ್ಳತನವೇ ಎನ್ನುತ್ತಾನೆ. ಆ ಮಾತಿನಿಂದ ರವಿಗೆ ಸ್ವಂತ ಅಣ್ಣನ ವಿರುದ್ಧ ನಿಲ್ಲುವ ಬಲ ಬರುತ್ತದೆ.

ದೃಶ್ಯ ನಮ್ಮನ್ನು ಮಾಸ್ತರನ ಪಕ್ಕಕ್ಕೆ ಒಯ್ಯುತ್ತದೆ. ಆದರೆ ರಾಜಕೀಯವಾಗಿ ನಿಜ ನುಡಿದವಳು ತಾಯಿ. ವಿಪರ್ಯಾಸವೆಂದರೆ, ಆಕೆಯ ಪ್ರಶ್ನೆಯನ್ನೇ ಅರ್ಧ ಆಯುಷ್ಯ ಕೇಳುತ್ತ ಬಂದ ನಟ ಇಲ್ಲಿ ಆ ಪ್ರಶ್ನೆಯನ್ನು ಸುಮ್ಮನಾಗಿಸುವ ಮಾತನ್ನು ಆಡಬೇಕು. ಹಂಗಲ್ ಅದನ್ನು ಗೆದ್ದವನ ಧಾಟಿಯಲ್ಲಿ ಆಡುವುದಿಲ್ಲ. ಹೆಂಡತಿಯ ಕೋಪಕ್ಕೆ ನಾಚಿದಂತೆಯೂ, ಆ ಕೋಪ ಸರಿಯೆಂದು ಬಲ್ಲವನಂತೆಯೂ, ಆದರೂ ಜೀವಮಾನವಿಡೀ ಮಕ್ಕಳಿಗೆ ಕಲಿಸಿದ ಪಾಠವೊಂದನ್ನು ಈಗ ಬಿಡಲಾರೆನೆಂಬಂತೆಯೂ ಆಡುತ್ತಾರೆ. ಸಂಭಾಷಣೆ ಮಾಸ್ತರನನ್ನು ಆದರ್ಶವಾಗಿಸುತ್ತದೆ. ಅಭಿನಯ ಅವನನ್ನು ಸೋತ ಮನುಷ್ಯನಾಗಿಯೇ ಉಳಿಸಿಕೊಳ್ಳುತ್ತದೆ.

‘ಶೋಲೆ’ಯ ಇಮಾಮ್ ಸಾಹೇಬರನ್ನು ಬಲ್ಲದವರಿಲ್ಲ. ರಾಮನಗರದ ಬೆಟ್ಟಗಳ ಬುಡದಲ್ಲಿ, ಕನ್ನಡದ ನೆಲದ ಮೇಲೆ ಕಟ್ಟಿದ ಆ ರಾಮಗಢದಲ್ಲಿ ಕನ್ನಡ ಕೇಳುವುದಿಲ್ಲ. ಅದು ಹಿಂದಿ ಚಿತ್ರದ ಎಲ್ಲಿಯೂ ಇಲ್ಲದ ಹಳ್ಳಿ. ಅದರ ಕುರುಡ ಇಮಾಮರ ಮಗ ಅಹ್ಮದ್ ಕೆಲಸಕ್ಕೆಂದು ಊರು ಬಿಟ್ಟು ಹೊರಟವನು ಡಕಾಯಿತರ ಕೈಗೆ ಸಿಕ್ಕು, ಹೆಣವಾಗಿ ಕುದುರೆಯ ಮೇಲೆ ಮರಳುತ್ತಾನೆ. ಊರಿಡೀ ಮೌನವಾಗಿ ನಿಂತಿದೆ. ಇಮಾಮರು ಕೋಲೂರುತ್ತ ಬಂದು ಈ ಮೌನವೇಕೆ ಎಂದು ಕೇಳುತ್ತಾರೆ. ಉತ್ತರ ಕೊಡುವ ಧೈರ್ಯ ಯಾರಿಗೂ ಇಲ್ಲ. ಕೈಗಳು ತಡವುತ್ತ ಮಗನನ್ನು ಗುರುತಿಸುತ್ತವೆ.

ಆಮೇಲೆ ನಡೆಯುವುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಊರಿನವರು, ಠಾಕೂರರು ಕರೆತಂದ ಇಬ್ಬರನ್ನೂ ಡಕಾಯಿತರಿಗೆ ಒಪ್ಪಿಸಿಬಿಡೋಣ, ಈ ಭಾರ ನಮ್ಮಿಂದಾಗದು ಎನ್ನತೊಡಗುತ್ತಾರೆ. ಆಗ ಇಮಾಮರು, ಮಗನ ಶವಕ್ಕೆ ಹೆಗಲು ಕೊಡುವುದಕ್ಕಿಂತ ಭಾರವಾದುದು ಇನ್ನಿಲ್ಲ, ಅದನ್ನು ಈ ಮುದುಕ ಹೊರಬಲ್ಲನಾದರೆ ನೀವೇಕೆ ಅಂಜುತ್ತೀರಿ ಎಂಬ ಅರ್ಥದ ಮಾತಾಡುತ್ತಾರೆ. ಊರಿಗಾಗಿ ಬಲಿಕೊಡಲು ಇನ್ನಷ್ಟು ಗಂಡುಮಕ್ಕಳನ್ನು ನನಗೇಕೆ ಕೊಡಲಿಲ್ಲವೆಂದು ದೇವರನ್ನು ಕೇಳುತ್ತೇನೆಂದು ಹೇಳಿ ಮಸೀದಿಯ ಕಡೆಗೆ ನಡೆಯುತ್ತಾರೆ.

ಈ ದೃಶ್ಯಕ್ಕೆ ಕಣ್ಣೀರು ಹಾಕದವರಿಲ್ಲ. ಆದರೆ ಅದರ ಲೆಕ್ಕಾಚಾರ ಕ್ರೂರವಾದುದು. ಊರಿನಲ್ಲಿ ಮಾತಾಡುವ ಪೂರ್ಣ ಅಧಿಕಾರ ಇಮಾಮರಿಗೆ ಒದಗುವುದು ಮಗನನ್ನು ಕಳೆದುಕೊಂಡ ಮೇಲೆ. ಅಂಜುವ ಹಕ್ಕು ಊರಿನ ಉಳಿದವರಿಗಿದೆ. ಅವರು ಅಂಜಿದರೂ ಊರಿನವರೇ. ಇಮಾಮರಿಗೆ ಮಾತ್ರ ಆ ಹಕ್ಕಿಲ್ಲ. ತಮಗೇ ಒಂದು ಕ್ಷಣ ಅಳುವ ಅವಕಾಶವನ್ನೂ ಅವರು ಊರಿನ ಧೈರ್ಯಕ್ಕಾಗಿ ಮುಂದೂಡಬೇಕು. ಅಲ್ಪಸಂಖ್ಯಾತನು ಎಲ್ಲರಿಗಿಂತ ಹೆಚ್ಚು ಊರಿನವನಾಗಿ ತೋರಿದಾಗ ಮಾತ್ರ ಊರಿನವನೆನಿಸುತ್ತಾನೆ. ಹಿಂದಿ ಚಿತ್ರರಂಗದ ‘ಒಳ್ಳೆಯ ಮುಸಲ್ಮಾನ’ನ ಮಾದರಿಯಲ್ಲಿ ಇಮಾಮ್ ಸಾಹೇಬರಷ್ಟು ಪ್ರಿಯವಾದ ಪಾತ್ರ ಇನ್ನೊಂದಿಲ್ಲ. ಅದನ್ನು ಮಾಡಿದ್ದು ಹುಟ್ಟಿನಿಂದ ಕಾಶ್ಮೀರಿ ಪಂಡಿತರಾದ, ಪೇಶಾವರದ ಉರ್ದುವನ್ನು ತಮ್ಮದಾಗಿಸಿಕೊಂಡ ನಟ. ಅವರ ಉಚ್ಚಾರಣೆಯಲ್ಲಿ ಉರ್ದು ಧರ್ಮದ ಗುರುತಾಗಿ ಕೇಳುವುದಿಲ್ಲ. ಒಂದು ಇಡೀ ನಗರ ಆಡುತ್ತಿದ್ದ ನಾಗರಿಕ ಭಾಷೆಯಾಗಿ ಕೇಳುತ್ತದೆ. ಪಾತ್ರವನ್ನು ಮಾದರಿಯಿಂದ ಅಷ್ಟಿಷ್ಟು ಬಿಡಿಸುವುದು ಆ ಧ್ವನಿಯೇ.

ಒಳ್ಳೆಯತನದ ಈ ಹೊರೆಯನ್ನು ಹಂಗಲ್ ಒಮ್ಮೆ ಖುಷಿಯಿಂದ ಕೆಳಗಿಳಿಸಿದ್ದೂ ಉಂಟು. ಬಾಸು ಚಟರ್ಜಿಯವರ ‘ಶೌಕೀನ್’ (1982) ಚಿತ್ರದಲ್ಲಿ ಅಶೋಕ್ ಕುಮಾರ್, ಉತ್ಪಲ್ ದತ್ ಜೊತೆಗೆ ಅವರು ಚಪಲದ ಮೂವರು ಮುದುಕರಲ್ಲೊಬ್ಬರು. ಹೆಸರು ಇಂದರ್ ಸೇನ್. ಅದನ್ನೇ ತಿದ್ದಿ ಆಂಡರ್ಸನ್ ಎಂದು ಕರೆಸಿಕೊಳ್ಳುವ ಚಪಲ ಬೇರೆ. ಗೋವೆಗೆ ಹೊರಡುವ ಈ ಮುದುಕ ಯಾರಿಗೂ ಆದರ್ಶವಲ್ಲ. ಅಲ್ಲಿ ಹಂಗಲ್ ಅವರ ಹಗುರವಾದ ನಡಿಗೆಯನ್ನು ನೋಡಿದರೆ, ಉಳಿದ ಚಿತ್ರಗಳಲ್ಲಿ ಅವರು ಏನನ್ನು ಹೊತ್ತು ನಡೆಯುತ್ತಿದ್ದರೆಂದು ತಿಳಿಯುತ್ತದೆ.

ಆದರೆ ನನ್ನ ವಾದದ ಕೇಂದ್ರ ಇವೆರಡೂ ಅಲ್ಲ. ಅದು ‘ಗರಂ ಹವಾ’ದ ಅಜಮಾನಿ ಸಾಹೇಬ್, ಜನಪ್ರಿಯ ನೆನಪಿನಲ್ಲಿ ಅಷ್ಟಾಗಿ ಉಳಿಯದ ಒಂದು ಪಾತ್ರ.

‘ಗರಂ ಹವಾ’ ಮೈಸೂರಿನ ಎಂ.ಎಸ್. ಸತ್ಯು ಅವರ ಚಿತ್ರ. ಕನ್ನಡಿಗರು ಅವರನ್ನು ‘ಬರ’ದಿಂದಲೂ ‘ಕನ್ನೇಶ್ವರ ರಾಮ’ದಿಂದಲೂ ಬಲ್ಲರು. ಇಸ್ಮತ್ ಚುಗ್ತಾಯಿಯವರ ಕಥೆ. ಕೈಫಿ ಆಜ್ಮಿ ಮತ್ತು ಶಮಾ ಜೈದಿಯವರ ಚಿತ್ರಕಥೆ. ಸೆನ್ಸಾರಿನ ತಡೆಯನ್ನು ದಾಟಿ ಅದು ತೆರೆಗೆ ಬಂದದ್ದು 1974ರಲ್ಲಿ. ಅದರ ನಾಯಕ ಸಲೀಂ ಮಿರ್ಜಾನ ಪಾತ್ರ ಮಾಡಿದ ಬಲರಾಜ್ ಸಾಹ್ನಿ ರಾವಲ್ಪಿಂಡಿಯಲ್ಲಿ ಹುಟ್ಟಿದವರು. ಚಿತ್ರ ಬಿಡುಗಡೆಯಾಗುವ ಮುನ್ನ, 1973ರ ಏಪ್ರಿಲ್‌ನಲ್ಲಿ, ತೀರಿಕೊಂಡರು. ಅಂದರೆ ಇದು ಗಡಿ ದಾಟಿ ಬಂದ ಇಬ್ಬರು ನಟರು, ಗಡಿ ದಾಟಲೊಲ್ಲದ ಒಬ್ಬ ಮನುಷ್ಯನ ಕಥೆಯನ್ನು ಅಭಿನಯಿಸಿದ ಚಿತ್ರ.

ಸಲೀಂ ಮಿರ್ಜಾ ಆಗ್ರಾದ ಪಾದರಕ್ಷೆ ತಯಾರಕ. ವಿಭಜನೆಯ ಬಳಿಕ ನೆಂಟರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರೂ ಅವನು ಹೋಗುವುದಿಲ್ಲ. ಆದರೆ ವಾಸದ ಹವೇಲಿ ಅಣ್ಣ ಹಲೀಮನ ಹೆಸರಿನಲ್ಲಿದೆ. ಅಣ್ಣ ಪಾಕಿಸ್ತಾನಕ್ಕೆ ಹೋದದ್ದರಿಂದ ಕಾನೂನಿನ ಕಣ್ಣಿಗೆ ಅದು ದೇಶ ಬಿಟ್ಟು ಹೋದವರ ಆಸ್ತಿ. ಸರ್ಕಾರ ಅದನ್ನು ಅತ್ತಲಿಂದ ಎಲ್ಲವನ್ನೂ ಕಳೆದುಕೊಂಡು ಬಂದ ಸಿಂಧಿ ವ್ಯಾಪಾರಿ ಅಜಮಾನಿಗೆ ಹಂಚುತ್ತದೆ. ಆ ಅಜಮಾನಿಯೇ ಹಂಗಲ್.

ಅಗ್ಗದ ಚಿತ್ರವೊಂದರಲ್ಲಿ ಅಜಮಾನಿ ಖಳನಾಗುತ್ತಿದ್ದ. ಭಾವುಕ ಚಿತ್ರವೊಂದರಲ್ಲಿ ಮನೆಯನ್ನು ಮರಳಿಸುವ ಉದಾರಿಯಾಗುತ್ತಿದ್ದ. ಸತ್ಯು ಅವರ ಚಿತ್ರದಲ್ಲಿ ಅವನು ಎರಡೂ ಅಲ್ಲ. ಅವನು ಸಲೀಂ ಮಿರ್ಜಾನನ್ನು ಗೌರವಿಸುತ್ತಾನೆ, ವ್ಯಾಪಾರದಲ್ಲಿ ಕೈಲಾದ ನೆರವು ನೀಡಲು ನೋಡುತ್ತಾನೆ, ಮನೆಯಲ್ಲಿ ಮಾತ್ರ ತಾನಿರುತ್ತಾನೆ. ಅವನಿಗೂ ಬೇರೆ ಮನೆಯಿಲ್ಲ. ಒಬ್ಬನ ನಷ್ಟವನ್ನು ಇನ್ನೊಬ್ಬನ ನಷ್ಟದಿಂದ ತುಂಬುವ ಆಡಳಿತದ ಗಣಿತ ಇಬ್ಬರನ್ನೂ ಎದುರುಬದುರು ನಿಲ್ಲಿಸಿದೆ. ಹಂಗಲ್ ಅವರ ಅಭಿನಯದ ಆ ಮಾತಿಗೆ ಮುಂಚಿನ ತಡೆ ಇಲ್ಲಿ ಹೊಸ ಅರ್ಥ ಪಡೆಯುತ್ತದೆ. ಮನೆ ಕಾಗದಪತ್ರದಲ್ಲಿ ತನ್ನದಾದರೂ ಈ ಮನೆಗೆ ತನಗಿಂತ ಹಿಂದಿನ ನೆನಪಿದೆ ಎಂದು ಬಲ್ಲವನ ಸಂಕೋಚ ಅದು. 1949ರಲ್ಲಿ ಕರಾಚಿಯಿಂದ ಬಂದ ನಟ ಈ ಸಂಕೋಚವನ್ನು ಎಲ್ಲಿಂದ ತಂದರೆಂದು ಹುಡುಕಬೇಕಾಗಿಲ್ಲ.

ಆದರೆ ಚಿತ್ರದ ನಿಜವಾದ ಪ್ರಾಮಾಣಿಕತೆ ಮುಂದಿನ ಹೆಜ್ಜೆಯಲ್ಲಿದೆ. ಅಜಮಾನಿಯ ಒಳ್ಳೆಯತನ ಯಾವುದನ್ನೂ ಬದಲಿಸುವುದಿಲ್ಲ. ಮಿರ್ಜಾನ ಮುದಿತಾಯಿ ಬಾಡಿಗೆ ಮನೆಯಲ್ಲಿ ಸಾಯಲೊಲ್ಲದೆ, ಮದುವಣಗಿತ್ತಿಯಾಗಿ ಕಾಲಿಟ್ಟಿದ್ದ ಹವೇಲಿಗೇ ಹೊತ್ತೊಯ್ಯಲ್ಪಟ್ಟು ಅಲ್ಲಿ ಕೊನೆಯುಸಿರೆಳೆಯುತ್ತಾಳೆ. ಸ್ವಂತ ಮನೆಯಲ್ಲಿ ಸಾಯುವುದು ಆಕೆಗೆ ಸೌಜನ್ಯದಿಂದ ಸಿಕ್ಕಿದ್ದು, ಹಕ್ಕಿನಿಂದಲ್ಲ. ‘ಶೋಲೆ’ಯಲ್ಲಿ ಒಳ್ಳೆಯತನವನ್ನು ಕೊಟ್ಟು ಊರಿನಲ್ಲಿ ಸ್ಥಾನ ಕೊಳ್ಳುವ ಮನುಷ್ಯನಾಗಿದ್ದ ಹಂಗಲ್, ‘ಗರಂ ಹವಾ’ದಲ್ಲಿ ಒಳ್ಳೆಯತನವನ್ನು ನೀಡಬಲ್ಲ ಸ್ಥಾನದಲ್ಲಿದ್ದಾರೆ. ಎರಡು ಕಡೆಯಿಂದಲೂ ತಿಳಿಯುವುದು ಒಂದೇ: ಒಳ್ಳೆಯತನ ಹಕ್ಕಿನ ಜಾಗವನ್ನು ತುಂಬಲಾರದು.

ಇಲ್ಲಿ ಗಡಿನಾಡಿನ ಓದುಗ ತನ್ನನ್ನು ನೆನೆಯದಿರಲಾರ. ಆದರೆ ಎಚ್ಚರವೂ ಬೇಕು. 1953 ಮತ್ತು 1956ರಲ್ಲಿ ಎಳೆದ ಗೆರೆಗಳನ್ನು 1947ರ ಗೆರೆಗೆ ಹೋಲಿಸುವುದು ಆ ರಕ್ತಕ್ಕೆ ಮಾಡುವ ಅವಮಾನ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಕಾಸರಗೋಡು, ಆದೋನಿ, ರಾಯದುರ್ಗ, ಮಡಕಶಿರಾಗಳ ಕನ್ನಡಿಗರ ಮನೆಗಳನ್ನು ಯಾರೂ ಇನ್ನೊಬ್ಬರಿಗೆ ಹಂಚಲಿಲ್ಲ. ಯಾರೂ ರಾತ್ರೋರಾತ್ರಿ ಓಡಬೇಕಾಗಲಿಲ್ಲ. ಹೋಲಿಕೆಯಿರುವುದು ಒಂದೇ ಕಡೆ. ಸಲೀಂ ಮಿರ್ಜಾನಂತೆ ನಾವೂ ಎಲ್ಲಿಗೂ ಹೋಗಲಿಲ್ಲ. ಇದ್ದಲ್ಲೇ ಇದ್ದವರ ವಿಳಾಸ ಬದಲಾಯಿತು. ನಮ್ಮ ಹಿಂದಿನ ನೆನಪನ್ನು ಒಪ್ಪುವ ನೆರೆಯವರು ನಮಗೂ ಇದ್ದಾರೆ. ಕನ್ನಡ ಶಾಲೆಯ ಗ್ಯಾದರಿಂಗಿಗೆ ಬಂದು ಮುಂದಿನ ಸಾಲಿನಲ್ಲಿ ಕೂರುವ ಮರಾಠಿ, ಮಲಯಾಳ, ತೆಲುಗು ಮಾತಿನ ಸಜ್ಜನರ ಸ್ನೇಹ ಸುಳ್ಳಲ್ಲ. ಆದರೆ ಶಾಲೆಗೆ ಶಿಕ್ಷಕರು ಬರಬೇಕಾದದ್ದು ಅವರ ಸೌಜನ್ಯದಿಂದಲ್ಲ. 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸುತ್ತದೆ. ಅದನ್ನು ಕೇಳುವವರು ‘ಒಳ್ಳೆಯವರು’ ಎನಿಸಿಕೊಂಡು ಕೇಳಬೇಕಾಗಿಲ್ಲ. ನಮ್ಮ ಸಭೆಗಳಲ್ಲಿ ಬೇಡಿಕೆಯ ಮುಂಚೆ ನಿಷ್ಠೆಯ ಪ್ರಮಾಣಪತ್ರ ಓದುವ ರೂಢಿ ಬೆಳೆದಿದೆ. ಇಮಾಮ್ ಸಾಹೇಬರ ದೃಶ್ಯ ನೋಡಿದಾಗಲೆಲ್ಲ ನನಗೆ ಆ ರೂಢಿ ನೆನಪಾಗುತ್ತದೆ.

ಹಂಗಲ್ ಅವರ ಬದುಕಿನಲ್ಲಿಯೇ ಈ ಮಾತಿಗೆ ಕಹಿಯಾದ ಸಾಕ್ಷ್ಯವಿದೆ. 1993ರಲ್ಲಿ, ಮುಂಬಯಿಯ ಗಲಭೆಗಳ ಬಿಸಿ ಇನ್ನೂ ಆರದ ಕಾಲದಲ್ಲಿ, ಅವರು ತಾವು ಹುಟ್ಟಿ ಬೆಳೆದ ಊರುಗಳನ್ನು ನೋಡಬೇಕೆಂದು ಪಾಕಿಸ್ತಾನದ ವೀಸಾಕ್ಕೆ ಅರ್ಜಿ ಹಾಕಿದ್ದರು. ಆ ದೇಶದ ದೂತಾವಾಸ ಕಚೇರಿ ಏರ್ಪಡಿಸಿದ್ದ ಪಾಕಿಸ್ತಾನ ದಿನದ ಸಮಾರಂಭದಲ್ಲಿ ಭಾಗವಹಿಸಿದರು. ಶಿವಸೇನೆ ಅವರ ಚಿತ್ರಗಳಿಗೆ ಬಹಿಷ್ಕಾರ ಹಾಕಿತು. ಪ್ರತಿಕೃತಿಗಳು ಸುಟ್ಟವು, ಚಿತ್ರಗಳಿಂದ ಅವರ ದೃಶ್ಯಗಳು ಕತ್ತರಿಸಲ್ಪಟ್ಟವು, ಅವಕಾಶಗಳು ನಿಂತವು. ಸುಮಾರು ಎರಡು ವರ್ಷ ಅವರು ಚಿತ್ರರಂಗದಿಂದ ಹೊರಗಿರಬೇಕಾಯಿತು. ಸ್ವಾತಂತ್ರ್ಯ ಹೋರಾಟದ ಹಿನ್ನೆಲೆ, ಪಾಕಿಸ್ತಾನದ ಜೈಲಿನಲ್ಲಿ ಕಳೆದ ದಿನಗಳು, ಎರಡು ದಶಕ ಪರದೆಯ ಮೇಲೆ ಆಡಿದ ಸಜ್ಜನಿಕೆ, ಇದಾವುದೂ ಅವರನ್ನು ಕಾಯಲಿಲ್ಲ. ಇಮಾಮ್ ಸಾಹೇಬರಿಗಾಗಿ ಅತ್ತ ಪ್ರೇಕ್ಷಕ ಸಮುದಾಯದ ನಡುವೆಯೇ ಆ ಪಾತ್ರವನ್ನು ಮಾಡಿದವನ ನಿಷ್ಠೆಯನ್ನು ಪ್ರಶ್ನಿಸುವುದು ಸಾಧ್ಯವಾಯಿತು. ಹುಟ್ಟಿದ ಮನೆಯನ್ನು ಒಮ್ಮೆ ನೋಡಬೇಕೆಂಬ ಮುದುಕನ ಆಸೆಯನ್ನು ‘ಗರಂ ಹವಾ’ದ ಮುದಿತಾಯಿಗೆ ನೀಡಿದ ಸಮಾಜ, ಅದನ್ನು ನಿಜಜೀವನದಲ್ಲಿ ಕೊಡಲು ಹಿಂಜರಿಯಿತು.

ಮುಂದಿನ ವರ್ಷಗಳನ್ನು ಸಂಕ್ಷೇಪದಲ್ಲಿ ಹೇಳಬಹುದು. ಅವರು ಮರಳಿ ಬಂದರು; ‘ಲಗಾನ್’ (2001) ಚಿತ್ರದ ಹಳ್ಳಿಯಲ್ಲಿ ಶಂಭು ಕಾಕಾ ಆಗಿ ಹೊಸ ತಲೆಮಾರಿಗೆ ಪರಿಚಿತರಾದರು; ಇಪ್ಟಾದ ರಾಷ್ಟ್ರೀಯ ಅಧ್ಯಕ್ಷರೂ ಆಗಿದ್ದರು. 1999ರಲ್ಲಿ ಅವರ ಆತ್ಮಕಥೆ ಬಂತು. 2006ರಲ್ಲಿ ಪದ್ಮಭೂಷಣ ಬಂತು. 2011ರ ಹೊತ್ತಿಗೆ ಔಷಧದ ಖರ್ಚಿಗೂ ಕಷ್ಟವೆಂಬ ವರದಿಗಳು ಬಂದವು, ಚಿತ್ರರಂಗದ ಕೆಲವರು ನೆರವಿಗೆ ನಿಂತರು. ಅಲ್ಲಿಯೂ ಸಿಕ್ಕಿದ್ದು ಸೌಜನ್ಯವೇ. ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಪೋಷಿಸಿದ ನಟನಿಗೆ ವೃದ್ಧಾಪ್ಯದ ಭದ್ರತೆ ಹಕ್ಕಾಗಿ ದಕ್ಕುವ ವ್ಯವಸ್ಥೆಯನ್ನು ಆ ಉದ್ಯಮ ಕಟ್ಟಿಕೊಂಡಿರಲಿಲ್ಲ. 2012ರ ಆಗಸ್ಟ್ 26ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು.

ನನ್ನ ವಾದಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಪೋಷಕ ನಟ ತನಗೆ ಬಂದ ಪಾತ್ರ ಮಾಡುತ್ತಾನೆ. ಅವನ ಪಾತ್ರಗಳನ್ನು ಪೋಣಿಸಿ ಒಂದು ವಿಚಾರವನ್ನು ಕಟ್ಟುವುದು ವಿಮರ್ಶಕರ ಚಟ ಎನ್ನಬಹುದು. ಇದರಲ್ಲಿ ಸತ್ಯವಿದೆ. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಮರೆಯತಕ್ಕವೇ. ಎಷ್ಟೋ ಕಡೆ ಹಂಗಲ್ ಮಗಳ ಮದುವೆಗೆ ಪಗಡಿ ಒಡ್ಡುವ ಅಪ್ಪನ ಹಳೆಯ ಅಚ್ಚಿನಲ್ಲೇ ನಿಂತಿದ್ದಾರೆ. ಅವರು ಕಥೆಗಳನ್ನು ಆರಿಸಲಿಲ್ಲ ಎಂಬುದು ನಿಜ. ಆದರೆ ಕಥೆಯೊಳಗೆ ಎಷ್ಟು ಬಾಗಬೇಕು, ಎಲ್ಲಿ ತಡೆಯಬೇಕು ಎಂಬುದು ನಟನ ಕೈಯಲ್ಲಿರುತ್ತದೆ. ‘ದೀವಾರ್’ ಚಿತ್ರದ ಮಾಸ್ತರ ತನ್ನ ಮಾತನ್ನು ನಂಬಿಯೂ ಗೆಲ್ಲದಿರುವುದು, ಅಜಮಾನಿ ಮನೆಯಲ್ಲಿದ್ದೂ ಅದರ ಒಡೆಯನಂತೆ ನಿಲ್ಲದಿರುವುದು ಬರವಣಿಗೆಯಿಂದ ಮಾತ್ರ ಬಂದದ್ದಲ್ಲ.

ಅಜ್ಜ ಈಗ ಇಲ್ಲ. ಹಂಗಲ್ ಹಾನಗಲ್ಲದವರಲ್ಲವೆಂದು ನನಗೆ ತಿಳಿದದ್ದು ಅವರು ಹೋದ ಮೇಲೆ. ತಿಳಿಸಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ. ಊರಿನ ಹೆಸರನ್ನು ಅಡ್ಡಹೆಸರಾಗಿ ಹೊತ್ತವರು ಆ ಊರನ್ನು ಯಾವಾಗಲೋ ಬಿಟ್ಟವರೇ ಆಗಿರುತ್ತಾರೆ. ಊರಲ್ಲೇ ಇರುವವನನ್ನು ಯಾರೂ ಊರಿನ ಹೆಸರಿನಿಂದ ಕರೆಯುವುದಿಲ್ಲ. ಹಾಗೆ ಬಿಟ್ಟುಬಂದವನ ಗುರುತನ್ನು ಅಜ್ಜ ಆ ನಟನ ಮುಖದಲ್ಲಿ ಸರಿಯಾಗಿಯೇ ಓದಿದ್ದರು, ಊರನ್ನು ಮಾತ್ರ ತಪ್ಪು ಹೇಳಿದ್ದರು. ಅವರು ಇದ್ದಿದ್ದರೆ ಅವರೊಡನೆ ಕೂತು ‘ಗರಂ ಹವಾ’ ನೋಡಬೇಕಿತ್ತು. ಅಜಮಾನಿ ಸಾಹೇಬ್ ಬಂದಾಗ ಅಜ್ಜ ಯಾರ ಪಕ್ಕ ನಿಲ್ಲುತ್ತಿದ್ದರು, ಹೊಸ ಒಡೆಯನದೋ ಹಳೆಯ ಒಡೆಯನದೋ ಎಂದು ಕೇಳಬೇಕಿತ್ತು. ಗಡಿನಾಡಿನಲ್ಲಿರುವ ನಾವು ಆ ಪ್ರಶ್ನೆಗೆ ಎರಡೂ ಕಡೆಯಿಂದ ಉತ್ತರ ಹುಡುಕಬೇಕಾದವರು. ನಮ್ಮ ಸೀಮೆಯಲ್ಲಿಯೂ ನಮ್ಮ ಬಳಿಕ ಬಂದವರಿದ್ದಾರೆ, ನಮಗಿಂತ ಕಿರಿದಾದ ನುಡಿಗಳವರಿದ್ದಾರೆ. ಅವರ ಎದುರು ನಾವು ಅಜಮಾನಿಯ ಸ್ಥಾನದಲ್ಲಿದ್ದೇವೆ. ಆಗ ನಾವು ನೀಡುವುದು ಸೌಜನ್ಯವೋ, ಹಕ್ಕೋ?